ಕತ್ತೆಮರಿ ಮಾತು ಕೇಳದಿದ್ದರೆ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಒಂದೆರಡು ಎಕರೆ ಟೊಮೆಟೊ, ರಾಗಿ, ಎರಡು ಹಸು, ನಾಲ್ಕಾರು ಕುರಿ ಇರುವ ಮನೆಗೆ ಕತ್ತೆಮರಿ ಬಂದ ಮೇಲೆ ಹುಟ್ಟುವ ದೂರುಗಳು ಎಲ್ಲ ಊರಲ್ಲೂ ಹೆಚ್ಚುಕಡಿಮೆ ಒಂದೇ. ಹಗ್ಗ ಹಿಡಿದರೆ ಹೆಜ್ಜೆ ಕೀಳಲ್ಲ. ಕಾಲು ಮುಟ್ಟಲು ಬಿಡಲ್ಲ. ಹಿಡಿಯಲು ಹೋದರೆ ಬದು ಹಾರಿ ಓಡುತ್ತೆ. ಮೊನ್ನೆವರೆಗೆ ಸಾಧುವಾಗಿತ್ತು, ಈಗ ಕಚ್ಚುತ್ತೆ. ಇಂಥ ದೂರು ಹೊತ್ತು ಬಂದವರಲ್ಲಿ ಬಹುತೇಕರು ಆಗಲೇ ಒಂದು ತೀರ್ಮಾನಕ್ಕೂ ಬಂದಿರುತ್ತಾರೆ: ಕತ್ತೆ ಹಠಮಾರಿ, ನಾಲ್ಕು ಬಿಟ್ಟರೆ ಸರಿಹೋಗುತ್ತೆ.

ಆ ತೀರ್ಮಾನವನ್ನು ಪಕ್ಕಕ್ಕಿಟ್ಟು ಹುಡುಕಲು ಶುರುಮಾಡಿ. ಕತ್ತೆಯ ಮೂಲ ಆಫ್ರಿಕಾದ ಕಾಡುಕತ್ತೆ. ಬಿಸಿಲು, ಕಲ್ಲು, ವಿರಳ ಮೇವು ಇರುವ ನೆಲದ ಪ್ರಾಣಿ ಅದು. ಬಯಲಿನ ಕುದುರೆ ಬೆದರಿದರೆ ಮೊದಲು ಓಡುತ್ತದೆ, ಕತ್ತೆ ಬೆದರಿದರೆ ಮೊದಲು ನಿಲ್ಲುತ್ತದೆ. ನಿಂತು ನೋಡುತ್ತದೆ, ಮೂಸುತ್ತದೆ, ಅಪಾಯ ಇಲ್ಲ ಎಂದು ಖಾತರಿಯಾದ ಮೇಲೇ ಕಾಲಿಡುತ್ತದೆ. ನಮಗೆ ಹಠದಂತೆ ಕಾಣುವುದರಲ್ಲಿ ಬಹುಪಾಲು ಈ ಎಚ್ಚರವೇ.

ಹಿಂದೆ ಇದನ್ನೆಲ್ಲ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಊರಿಗೊಂದು ಅಗಸರ ಮನೆಯಾದರೂ ಇರುತ್ತಿತ್ತು, ಕೆರೆಗೆ ಬಟ್ಟೆಗಂಟು ಹೊತ್ತು ಹೋಗುವ ಕತ್ತೆಯ ಹಿಂದೆ ಓಡಾಡಿಯೇ ಮಕ್ಕಳು ಕಲಿತುಬಿಡುತ್ತಿದ್ದರು. ದೇಶದ ಜಾನುವಾರು ಗಣತಿಯಲ್ಲಿ 2012ರಲ್ಲಿ ಸುಮಾರು 3.2 ಲಕ್ಷ ಇದ್ದ ಕತ್ತೆಗಳು 2019ರ ಹೊತ್ತಿಗೆ 1.2 ಲಕ್ಷಕ್ಕೆ ಇಳಿದಿವೆ. ಪ್ರಾಣಿಯ ಜೊತೆಗೇ ಅದನ್ನು ಸಾಕಿ ಗೊತ್ತಿದ್ದವರೂ ಕಡಿಮೆಯಾಗಿದ್ದಾರೆ. ಹೊಸದಾಗಿ ಸಾಕುವವರಿಗೆ ಪಕ್ಕದ ಮನೆಯಲ್ಲಿ ಕೇಳೋಣ ಎಂದರೆ ಯಾರೂ ಇಲ್ಲ. ಅದಕ್ಕಾಗಿ ಈ ಬರಹ.

ಹುಡುಕುವ ಕ್ರಮ

ಮರಿ ಮಾತು ಕೇಳದಿರಲು ಕಾರಣ ನಾಲ್ಕರಲ್ಲೊಂದು: ನೋವು, ಭಯ, ಏನು ಮಾಡಬೇಕೆಂದು ಅರ್ಥವಾಗದಿರುವುದು, ಇಲ್ಲವೇ ನಾವೇ ಗೊತ್ತಿಲ್ಲದೆ ಕಲಿಸಿಬಿಟ್ಟ ಅಭ್ಯಾಸ. ಇದೇ ಕ್ರಮದಲ್ಲಿ ಹುಡುಕಬೇಕು. ನೋವಿರುವ ಮರಿಗೆ ಪಾಠ ಹೇಳಿದರೆ ಅದು ಕಲಿಯುವುದು ಒಂದನ್ನೇ, ಈ ಮನುಷ್ಯ ಹತ್ತಿರ ಬಂದರೆ ನೋವಾಗುತ್ತದೆ ಎಂದು. ಆಮೇಲೆ ನೋವು ವಾಸಿಯಾದರೂ ಆ ಪಾಠ ಅಳಿಯಲು ತಿಂಗಳುಗಳು ಬೇಕು.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಹಗ್ಗ, ದಾರಿ, ಹೊತ್ತು, ಹಿಡಿಯುವ ಮನುಷ್ಯ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಮರಿ ನಡೆದರೂ ಯಾಕೆ ನಡೆಯಿತು ಎಂದು ತಿಳಿಯುವುದಿಲ್ಲ, ನಾಳೆ ಮತ್ತೆ ನಿಂತರೆ ಮತ್ತೆ ಮೊದಲಿಂದ ಹುಡುಕಬೇಕು.

ಮೊದಲು ಮೈ ನೋಡಿ

ಕತ್ತೆ ನೋವನ್ನು ಬಚ್ಚಿಡುವ ಪ್ರಾಣಿ. ಕುದುರೆ ಹೊಟ್ಟೆನೋವಿಗೆ ಬಿದ್ದು ಹೊರಳಾಡಿದರೆ, ಅದೇ ನೋವಿಗೆ ಕತ್ತೆ ಸುಮ್ಮನೆ ಮೂಲೆಯಲ್ಲಿ ತಲೆ ತಗ್ಗಿಸಿ ನಿಲ್ಲುತ್ತದೆ ಅಷ್ಟೆ. ಆದ್ದರಿಂದ "ಇವತ್ತು ಯಾಕೋ ಮಂಕಾಗಿದೆ" ಎನಿಸಿದರೆ ಅದನ್ನೇ ದೊಡ್ಡ ಲಕ್ಷಣ ಎಂದುಕೊಳ್ಳಿ. ಗೋದಲಿಯಲ್ಲಿ ಮೂತಿ ಇಟ್ಟಿದೆ, ಮೇಯುತ್ತಿದೆ ಎಂದು ನಂಬಿಬಿಡಬೇಡಿ. ಹುಷಾರಿಲ್ಲದ ಕತ್ತೆ ಹುಲ್ಲಿನೊಳಗೆ ಮೂತಿಯಾಡಿಸುತ್ತಾ, ಏನೂ ನುಂಗದೆ ನಿಂತಿರಬಲ್ಲದು. ಬೆಳಗ್ಗೆ ಹಾಕಿದ ಹುಲ್ಲಿನಲ್ಲಿ ಎಷ್ಟು ಉಳಿದಿದೆ, ಲದ್ದಿ ಎಷ್ಟು ಬಿದ್ದಿದೆ, ಗಟ್ಟಿಯೋ ನೀರೋ, ಇವನ್ನು ನೋಡಿದರೆ ಸತ್ಯ ತಿಳಿಯುತ್ತದೆ.

ಥರ್ಮಾಮೀಟರ್ ಇಟ್ಟುಕೊಳ್ಳುವುದು ಒಳ್ಳೆಯದು. ದೊಡ್ಡ ಕತ್ತೆಯ ಮೈಕಾವು ಸುಮಾರು 37 ಡಿಗ್ರಿ ಸೆಲ್ಸಿಯಸ್. ಎರಡು ವರ್ಷದೊಳಗಿನ ಮರಿಯದು ತುಸು ಹೆಚ್ಚಿರಬಹುದು, ಆದರೆ 39 ದಾಟಿದರೆ ಜ್ವರ ಎಂದೇ ಲೆಕ್ಕ.

ಬಾಯಿ ನೋಡುವುದನ್ನು ಬಹಳ ಮಂದಿ ಮರೆಯುತ್ತಾರೆ. ಮುಂದಿನ ಹಾಲುಹಲ್ಲುಗಳಲ್ಲಿ ನಡುವಿನ ಜೋಡಿ ಸುಮಾರು ಎರಡೂವರೆ ವರ್ಷಕ್ಕೆ ಬಿದ್ದು ದೊಡ್ಡ ಹಲ್ಲು ಬರುತ್ತದೆ, ಅದರ ಪಕ್ಕದ ಜೋಡಿ ಮೂರೂವರೆಗೆ, ಅಂಚಿನ ಜೋಡಿ ನಾಲ್ಕೂವರೆಗೆ. ಇದರಿಂದ ಎರಡು ಉಪಯೋಗ. ಮಾರಿದವರು ಹೇಳಿದ ವಯಸ್ಸು ನಿಜವೋ ಅಲ್ಲವೋ ಗೊತ್ತಾಗುತ್ತದೆ. ಮೂರು ವರ್ಷ ಎಂದು ಕೊಟ್ಟ ಮರಿಯ ಬಾಯಲ್ಲಿ ಪೂರ್ತಿ ಹಾಲುಹಲ್ಲೇ ಇದ್ದರೆ ಅದಿನ್ನೂ ಕೂಸು, ಅದರಿಂದ ಬಯಸುವುದನ್ನೂ ಅಷ್ಟಕ್ಕೇ ಇಳಿಸಬೇಕು. ಎರಡನೆಯದು, ಹಲ್ಲು ಬದಲಾಗುವ ಕಾಲದಲ್ಲಿ ದವಡೆ ನೋಯುತ್ತದೆ. ನಿನ್ನೆವರೆಗೆ ಮುಖಕ್ಕೆ ಹಗ್ಗ ಹಾಕಿಸಿಕೊಳ್ಳುತ್ತಿದ್ದ ಮರಿ ಇದ್ದಕ್ಕಿದ್ದಂತೆ ತಲೆ ಎತ್ತಿ ಒದರಲು ಶುರುಮಾಡಿದರೆ ಮೊದಲು ಕೆನ್ನೆಯ ಹೊರಗಿನಿಂದ ಮೆಲ್ಲನೆ ಒತ್ತಿ ನೋಡಿ.

ಹಾಗೆಯೇ ಕಿವಿಯೊಳಗೆ ಉಣ್ಣೆ, ತೊಡೆಸಂದಿಯಲ್ಲಿ ನೊಣ ಕೂತು ಆದ ಗಾಯ, ಹೆಗಲ ಮೇಲೆ ಹಗ್ಗ ಉಜ್ಜಿದ ಜಾಗ. ಬೆಳಕಿನಲ್ಲಿ ಒಂದು ಸುತ್ತು ಕೈಯಾಡಿಸಿದರೆ ಇಷ್ಟೂ ಸಿಗುತ್ತವೆ.

ಹಗ್ಗವೇ ದೋಷವಾಗಿದ್ದರೆ

ನಮ್ಮ ಕಡೆ ಸಿಗುವುದು ಎತ್ತು-ಹಸುವಿಗೆ ಕಟ್ಟುವ ನೈಲಾನ್ ಹಗ್ಗ. ಅದನ್ನೇ ಕುಣಿಕೆ ಮಾಡಿ ಕತ್ತೆಮರಿಯ ಕುತ್ತಿಗೆಗೆ ಹಾಕುತ್ತಾರೆ. ಎಳೆದಷ್ಟೂ ಬಿಗಿಯುವ ಕುಣಿಕೆ ಹಾಕಿಸಿಕೊಂಡ ಮರಿ ಉಸಿರಿಗಾಗಿ ಹಿಂದಕ್ಕೆ ಜಗ್ಗುತ್ತದೆ, ಜಗ್ಗಿದಷ್ಟೂ ಬಿಗಿಯುತ್ತದೆ. ಅದು ನಡೆಯಲಿಲ್ಲ ಎಂದರೆ ಆಶ್ಚರ್ಯವೇನಿಲ್ಲ. ಮೂಗುದಾರವಂತೂ ಈ ಪ್ರಾಣಿಗೆ ಬೇಡವೇ ಬೇಡ.

ಮುಖದ ಹಗ್ಗ ಅಗಲವಾದ ಹತ್ತಿ ಪಟ್ಟಿಯದಾಗಿರಲಿ. ಮೂಗಿನ ಮೇಲೆ ಹಾಯುವ ಪಟ್ಟಿ ಕೆನ್ನೆಮೂಳೆಯ ಕೆಳತುದಿಗಿಂತ ಎರಡು ಬೆರಳು ಕೆಳಗೆ ಬರಬೇಕು. ಇನ್ನೂ ಕೆಳಗಿಳಿದರೆ ಮೂಗಿನ ಮೆದುಮೂಳೆ ಒತ್ತಿ ಉಸಿರು ಕಟ್ಟುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಆಡುವಷ್ಟು ಸಡಿಲ ಇರಲಿ. ಮರಿ ಬೆಳೆಯುತ್ತದೆ, ಪಟ್ಟಿ ಬೆಳೆಯುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ನೋಡಿ. ಕೆಲಸ ಮುಗಿದ ಮೇಲೆ ಬಿಚ್ಚಿಡಿ, ಹಾಗೇ ಬಿಟ್ಟರೆ ಬೇಲಿಗೋ ಕೊಂಬೆಗೋ ಸಿಕ್ಕಿಹಾಕಿಕೊಳ್ಳುತ್ತದೆ. ಕಂಬಕ್ಕೆ ಕಟ್ಟುವಾಗ ಒಂದು ತುದಿ ಎಳೆದರೆ ಪೂರ್ತಿ ಬಿಚ್ಚುವ ಗಂಟನ್ನೇ ಹಾಕಿ.

ಮುಂಗಾಲೆರಡನ್ನೂ ಸೇರಿಸಿ ಕಟ್ಟಿ ಮೇಯಲು ಬಿಡುವ ರೂಢಿ ಇನ್ನೂ ಅಲ್ಲಲ್ಲಿ ಇದೆ. ಎಳೆ ಮೂಳೆಯ ಪ್ರಾಣಿಗೆ ಅದು ಗಾಯವನ್ನೂ ಸೊಟ್ಟ ನಡಿಗೆಯನ್ನೂ ತರುತ್ತದೆ. ಬೇಲಿಗೆ ಖರ್ಚು ಮಾಡಿ, ಕಾಲಿಗೆ ಹಗ್ಗ ಬೇಡ.

ನಡೆಯುತ್ತಿದ್ದ ಮರಿ ಗಕ್ಕನೆ ನಿಂತರೆ

ಅತಿ ಹೆಚ್ಚು ಕೇಳಿಬರುವ ದೂರು ಇದು, ಅತಿ ಹೆಚ್ಚು ಏಟು ಬೀಳುವುದೂ ಇದಕ್ಕೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲ ಪ್ರಶ್ನೆ: ಎಲ್ಲೆಲ್ಲೂ ನಿಲ್ಲುತ್ತದೋ, ಒಂದೇ ಜಾಗದಲ್ಲಿ ನಿಲ್ಲುತ್ತದೋ? ಎಲ್ಲೆಲ್ಲೂ ನಿಂತರೆ ನೋವು ಅಥವಾ ಅರ್ಥವಾಗದಿರುವುದು. ಒಂದೇ ಜಾಗದಲ್ಲಿ ನಿಂತರೆ ಆ ಜಾಗದಲ್ಲಿ ಏನೋ ಇದೆ. ಎರಡನೆಯ ಪ್ರಶ್ನೆ: ಹೋಗುವಾಗ ಮಾತ್ರವೋ, ಬರುವಾಗಲೂ ಉಂಟೋ? ಮನೆಯಿಂದ ದೂರ ಹೋಗುವಾಗ ಮಾತ್ರ ನಿಂತು, ಮನೆಯ ಕಡೆ ಸಲೀಸಾಗಿ ನಡೆದರೆ ಕಾರಣ ಹೆಚ್ಚಾಗಿ ಒಂಟಿತನ. ಮೂರನೆಯದು: ಯಾವ ಹೊತ್ತಿನಲ್ಲಿ?

ಚಿಂತಾಮಣಿ ಕಡೆಯ ಒಂದು ತೋಟದಲ್ಲಿ ಮರಿ ಬೆಳಗ್ಗೆ ಬೋರ್‌ವೆಲ್ ತನಕ ನಡೆದು ಬರುತ್ತಿತ್ತು, ಸಂಜೆ ಅದೇ ದಾರಿಯಲ್ಲಿ ಟೊಮೆಟೊ ಸಾಲಿನ ತುದಿಗೆ ಬಂದು ನಾಲ್ಕು ಕಾಲೂ ಊರಿ ನಿಂತುಬಿಡುತ್ತಿತ್ತು. ತೋಟದ ಹುಡುಗ ಹಗ್ಗ ಬದಲಿಸಿದ್ದ, ಬೆಲ್ಲ ತೋರಿಸಿದ್ದ, ಹಿಂದಿನಿಂದ ತಮ್ಮನನ್ನು ಬಿಟ್ಟು ತಳ್ಳಿಸಿದ್ದ. "ಅಣ್ಣಾ, ಬೆಳಿಗ್ಗೆ ಬರತ್ತೆ, ಸಾಯಂಕಾಲ ಬರಲ್ಲ. ಇದು ಬೇಕಂತಲೇ ಮಾಡ್ತೈತೆ," ಎಂದ. ಮರಿಯ ಕಿವಿ ನೋಡು ಎಂದೆ. ಎರಡೂ ಕಿವಿ ಮುಂದಕ್ಕೆ ಚಾಚಿ, ಸಾಲಿನ ಬುಡಕ್ಕೆ ನೆಟ್ಟಿದ್ದವು. ಅಲ್ಲಿ ಸಾಲಿನ ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆಯ, ಅಂದರೆ ಮಲ್ಚಿಂಗ್ ಶೀಟಿನ, ಒಂದು ಅಂಚಿನ ಮೇಲಿನ ಮಣ್ಣು ಜಾರಿತ್ತು. ಸಂಜೆಗಾಳಿಗೆ ಆ ಅಂಚು ಅಂಗೈಯಷ್ಟು ಎದ್ದು, ಪಟಪಟ ಬಡಿದು, ಮತ್ತೆ ಮಲಗುತ್ತಿತ್ತು. ಎದ್ದಾಗಲೆಲ್ಲ ಪಡುವಣ ಬಿಸಿಲು ಅದರ ಬೆಳ್ಳಿಬಣ್ಣಕ್ಕೆ ಬಡಿದು ಮರಿಯ ಕಣ್ಣಿಗೆ ಹೊಡೆಯುತ್ತಿತ್ತು. ಬೆಳಗ್ಗೆ ಗಾಳಿಯೂ ಇರಲಿಲ್ಲ, ಬಿಸಿಲೂ ಬೆನ್ನ ಕಡೆಯಿಂದ ಬರುತ್ತಿತ್ತು. ಹುಡುಗ ಹೋಗಿ ಅಂಚಿನ ಮೇಲೆ ನಾಲ್ಕು ಹೆಂಟೆ ಮಣ್ಣು ಎಳೆದ. ಮರಿ ಇನ್ನೂ ಸ್ವಲ್ಪ ಹೊತ್ತು ನೋಡಿತು, ಕುತ್ತಿಗೆ ತಗ್ಗಿಸಿ ಉಸ್ ಎಂದಿತು, ಆಮೇಲೆ ಒಂದೊಂದೇ ಹೆಜ್ಜೆಯಾಗಿ ಬಂದು ಆ ಮಣ್ಣನ್ನು ಮೂಸಿ ದಾಟಿತು.

ನಮ್ಮ ತೋಟಗಳಲ್ಲಿ ಇಂಥವು ಬೇಕಾದಷ್ಟಿವೆ. ಬಿಸಿಲಿಗೆ ಹೊರಳಿದ ಕರಿ ಡ್ರಿಪ್ ಪೈಪ್ ಹಾವಿನಂತೆ ಬಿದ್ದಿರುತ್ತದೆ. ವಾಲ್ವ್ ಸೋರಿ ನಿಂತ ನೀರು ಆಕಾಶ ತೋರಿಸುತ್ತಾ ಆಳ ತಿಳಿಯದಂತೆ ಇರುತ್ತದೆ. ಹೊಂಗೆಮರದ ಕಡುನೆರಳು ಕೆಂಪುಮಣ್ಣಿನ ಮೇಲೆ ಹಳ್ಳದ ಹಾಗೆ ಕಾಣುತ್ತದೆ. ಬಿಸಿಲಿನಿಂದ ಕತ್ತಲ ಕೊಟ್ಟಿಗೆಗೆ ನುಗ್ಗಿಸುವಾಗಲೂ ಇದೇ ಕಥೆ. ಕತ್ತೆಯ ಕಣ್ಣು ಬೆಳಕಿನಿಂದ ಕತ್ತಲಿಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಹಣೆಯ ನೇರ ಮುಂದೆ ಹತ್ತಿರದಲ್ಲಿರುವುದೂ ಬಾಲದ ನೇರ ಹಿಂದಿರುವುದೂ ಅದಕ್ಕೆ ಕಾಣುವುದಿಲ್ಲ. ಹೊಸ್ತಿಲಲ್ಲಿ ನಿಂತಿತೆಂದರೆ ಕಣ್ಣು ಒಗ್ಗಲು ಕಾಯುತ್ತಿದೆ ಎಂದುಕೊಂಡು ನೀವೂ ಕಾಯಿರಿ.

ಜಾಗದಲ್ಲಿ ಏನೂ ಇಲ್ಲ, ಮೈಯೂ ಚೆನ್ನಾಗಿದೆ, ಆದರೂ ನಡೆಯಲ್ಲ ಎಂದಾದರೆ ಅದಕ್ಕೆ ಹಗ್ಗದ ಅರ್ಥ ಗೊತ್ತಿಲ್ಲ. ಎಳೆದ ಕಡೆಗೆ ಹೋಗಬೇಕು ಎಂಬುದು ಹುಟ್ಟಿನಿಂದ ಬರುವ ತಿಳಿವಳಿಕೆಯಲ್ಲ, ಎಳೆದ ದಿಕ್ಕಿಗೆ ಎದುರಾಗಿ ಜಗ್ಗುವುದೇ ಪ್ರಾಣಿಯ ಸಹಜ ಗುಣ. ಮರಿಯ ಮುಂದೆ ನಿಂತು ಮುಖಾಮುಖಿಯಾಗಿ ಎಳೆದರೆ ನಾಲ್ಕು ಕಾಲಿನ ಪ್ರಾಣಿಯೇ ಗೆಲ್ಲುತ್ತದೆ. ಅದರ ಹೆಗಲ ಪಕ್ಕದಲ್ಲಿ, ಅದು ನೋಡುವ ಕಡೆಗೇ ಮುಖ ಮಾಡಿ ನಿಲ್ಲಿ. ಹಗ್ಗದಲ್ಲಿ ಎರಡು ಬೆರಳಿನಷ್ಟು ಭಾರ ಹಾಕಿ, ಅಷ್ಟೇ ಹಿಡಿದುಕೊಳ್ಳಿ. ಹೆಚ್ಚಿಸಬೇಡಿ, ಜಗ್ಗಬೇಡಿ. ಮರಿ ಮೈಭಾರವನ್ನು ಚೂರು ಮುಂದಕ್ಕೆ ವಾಲಿಸಿದ ಕ್ಷಣಕ್ಕೇ ಹಗ್ಗ ಸಡಿಲ ಬಿಡಿ. ಹೆಜ್ಜೆ ಇಡುವ ತನಕ ಕಾಯಬೇಡಿ, ವಾಲಿದ್ದಕ್ಕೇ ಬಿಡಿ. ಅದು ಕಲಿಯುವುದು ನೀವು ಎಳೆದದ್ದರಿಂದ ಅಲ್ಲ, ಬಿಟ್ಟದ್ದರಿಂದ. ಒಂದು ಗಳಿಗೆ ತಡವಾಗಿ ಬಿಟ್ಟರೂ ಯಾವುದಕ್ಕೆ ಬಿಟ್ಟಿರಿ ಎಂದು ಅದಕ್ಕೆ ತಿಳಿಯುವುದಿಲ್ಲ.

ಕಾಲು ಊರಿಯೇ ನಿಂತಿದ್ದರೆ ನೇರ ಬಿಟ್ಟು ಪಕ್ಕಕ್ಕೆ ತಿರುಗಿಸಿ. ತಲೆಯನ್ನು ಮೆಲ್ಲನೆ ಒಂದು ಕಡೆಗೆ ತಂದರೆ ಒಂದು ಮುಂಗಾಲು ಎತ್ತಿಡಲೇಬೇಕಾಗುತ್ತದೆ. ಒಂದು ಕಾಲು ಕಿತ್ತರೆ ಉಳಿದವು ಬರುತ್ತವೆ. ಹೆಗಲ ಮೇಲೆ, ಕೇಸರ ಮುಗಿಯುವ ಕಡೆ ಕೆರೆದುಕೊಡಿ. ಅಲ್ಲಿ ಕೆರೆಸಿಕೊಳ್ಳುವುದು ಕತ್ತೆಗೆ ತಿಂಡಿಗಿಂತ ಇಷ್ಟ ಎಂದರೂ ತಪ್ಪಾಗದು. ಪಾಠ ಐದು-ಹತ್ತು ನಿಮಿಷ ಸಾಕು, ದಿನಕ್ಕೆ ಎರಡು ಸಲ ಬೇಕಾದರೆ ಮಾಡಿ. ಚೆನ್ನಾಗಿ ನಡೆಯುತ್ತಿದೆ, ಇನ್ನೂ ನಾಲ್ಕು ಹೆಜ್ಜೆ ನೋಡೋಣ ಎಂಬ ಆಸೆ ಬೇಡ. ಚೆನ್ನಾಗಿರುವಾಗಲೇ ನಿಲ್ಲಿಸಿ.

ಕಾಲು ಎತ್ತಲು ಕೊಡದಿದ್ದರೆ

ಇಲ್ಲಿ ಒಂದು ಸುಲಭದ ಪರೀಕ್ಷೆ ಇದೆ. ನಾಲ್ಕು ಕಾಲನ್ನೂ ಕೊಡದಿದ್ದರೆ ಭಯ ಅಥವಾ ಅಭ್ಯಾಸವಿಲ್ಲ. ಮೂರನ್ನು ಕೊಟ್ಟು ಒಂದನ್ನು ಮಾತ್ರ ಕೊಡದಿದ್ದರೆ ನೋವು. ಆದರೆ ನೋವು ಇರುವುದು ಕೊಡದ ಕಾಲಿನಲ್ಲೇ ಇರಬೇಕೆಂದಿಲ್ಲ. ಆ ಕಾಲು ಎತ್ತಿದರೆ ಭಾರವೆಲ್ಲ ಅದರ ಜೋಡಿ ಕಾಲಿನ ಮೇಲೆ ಬೀಳುತ್ತದೆ, ಆ ಜೋಡಿ ಕಾಲೇ ನೋಯುತ್ತಿರಬಹುದು.

ಶಿರಾ ಕಡೆ ಒಬ್ಬ ಅಜ್ಜಿಯ ಮನೆಯ ಮರಿ ಎಡ ಹಿಂಗಾಲು ಮುಟ್ಟಿದರೆ ಒದೆಯುತ್ತಿತ್ತು. ಅಜ್ಜಿ ಆ ಗೊರಸನ್ನೇ ತಿರುಗಿಸಿ ತಿರುಗಿಸಿ ನೋಡಿ ಏನೂ ಕಾಣದೆ ಸೋತಿದ್ದರು. "ಏನೂ ಇಲ್ಲಪ್ಪಾ ಅದರಾಗೆ, ಬರೀ ಸಿಟ್ಟು," ಎಂದರು. ಬಲಗಾಲಿನ ಗೊರಸಿನ ಮೇಲೆ ಅಂಗೈಯ ಹಿಂಬದಿ ಇಟ್ಟರೆ ಬೇರೆ ಮೂರಕ್ಕಿಂತ ಬಿಸಿ ಇತ್ತು. ಗೊರಸಿನ ನಡುವಿನ ಮೆದುಭಾಗದ ಪಕ್ಕದ ಸೀಳಿನಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಮುರಿದು ಕೂತಿತ್ತು, ಮೇಲೆ ಕೆಂಪು ಮಣ್ಣು ಮೆತ್ತಿ ಮುಚ್ಚಿಹೋಗಿತ್ತು.

ಮುಳ್ಳು ಸಿಕ್ಕರೆ ಕಿತ್ತು ಸುಮ್ಮನಾಗಬೇಡಿ. ಕುದುರೆ-ಕತ್ತೆ ಜಾತಿಗೆ ಧನುರ್ವಾಯು ಬಹಳ ಬೇಗ ತಗಲುತ್ತದೆ, ತಗಲಿದರೆ ಉಳಿಯುವುದು ಕಷ್ಟ. ಮರಿ ತಂದ ಹೊಸದರಲ್ಲೇ ಟಿಟಿ ಲಸಿಕೆ ಶುರುಮಾಡಿಸಿ. ನಾಲ್ಕರಿಂದ ಆರು ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ಡಾಕ್ಟರ್ ಹೇಳಿದ ಹಾಗೆ. ಒಳಗೆ ಕೀವುಗಟ್ಟಿದ ಗೊರಸನ್ನು ಮನೆಯ ಚಾಕುವಿನಿಂದ ಕೆತ್ತಬೇಡಿ.

ಭಯವಾದರೆ ದಾರಿ ಉದ್ದ, ಕಷ್ಟವಿಲ್ಲ. ಹೆಗಲಿನಿಂದ ಶುರುಮಾಡಿ ಕೈ ಇಳಿಸುತ್ತಾ ಬನ್ನಿ. ಮರಿ ಮೈ ಬಿಗಿ ಮಾಡಿದ ಜಾಗದಲ್ಲಿ ಕೈ ನಿಲ್ಲಿಸಿ. ತೆಗೆಯಬೇಡಿ, ಮುಂದಕ್ಕೂ ಹೋಗಬೇಡಿ. ಬಿಗಿ ಸಡಿಲವಾದ ಮೇಲೆ ತೆಗೆಯಿರಿ. ಒದ್ದಾಗ ಕೈ ತೆಗೆದರೆ ಒದ್ದರೆ ಕೈ ಹೋಗುತ್ತದೆ ಎಂದು ಕಲಿಯುತ್ತದೆ. ನಿಮಗೂ ಪೆಟ್ಟಾಗಬಾರದಲ್ಲ, ಅದಕ್ಕೆ ಹಿಂಗಾಲಿಗೆ ಮೊದಲು ಉದ್ದ ಕೋಲಿನ ತುದಿಗೆ ಬಟ್ಟೆ ಸುತ್ತಿ ಸವರಿ. ಕೋಲಿಗೆ ಒಗ್ಗಿದ ಮೇಲೆ ಕೈ. ಮೊದಲ ಸಲ ಗೊರಸು ನೆಲ ಬಿಟ್ಟಿತೋ ಇಲ್ಲವೋ ಎನ್ನುವಷ್ಟರಲ್ಲಿ, ಮರಿ ಕಿತ್ತುಕೊಳ್ಳುವ ಮೊದಲೇ, ನೀವೇ ಇಳಿಸಿಬಿಡಿ.

ಎತ್ತುವಾಗ ಎತ್ತರಕ್ಕೆ, ಪಕ್ಕಕ್ಕೆ ಎಳೆಯುವುದು ಸಾಮಾನ್ಯವಾಗಿ ಆಗುವ ಎಡವಟ್ಟು. ಕತ್ತೆಯ ಸೊಂಟ ಕಿರಿದು. ಹಿಂಗಾಲನ್ನು ಹೊಟ್ಟೆಯ ಅಡಿಯಲ್ಲೇ, ನೆಲಕ್ಕೆ ಹತ್ತಿರವಾಗಿ ಹಿಡಿದರೆ ಸುಮ್ಮನಿರುವ ಮರಿ, ಹೊರಕ್ಕೆ ಎಳೆದರೆ ತೂಕ ತಪ್ಪಿ ಒದೆಯುತ್ತದೆ. ಗೊರಸು ಕತ್ತರಿಸುವವರಿಗೂ ಮೊದಲೇ ಹೇಳಿ, ಬಗ್ಗಿ ಕೆಲಸ ಮಾಡಬೇಕು ಎಂದು. ಆರರಿಂದ ಹತ್ತು ವಾರಕ್ಕೊಮ್ಮೆ ಗೊರಸು ತಿದ್ದಿಸಲೇಬೇಕು. ಕಲ್ಲುನೆಲದಲ್ಲಿ ದಿನವಿಡೀ ನಡೆದು ಸವೆಸಬೇಕಾದ ಗೊರಸು ಅದು, ಮೆತ್ತನೆ ತೋಟದಲ್ಲಿ ಸವೆಯುವುದಿಲ್ಲ. ಸೆಗಣಿ-ಗಂಜಲದಲ್ಲಿ ನಿಂತರೆ ಕೊಳೆಯುತ್ತದೆ, ಹಸುವಿನ ಪಕ್ಕ ಕಟ್ಟುವವರು ಇದನ್ನು ಗಮನಿಸಬೇಕು.

ಕಿವಿ, ಮುಖ ಮುಟ್ಟಿಸಿಕೊಳ್ಳದಿದ್ದರೆ

ಉಣ್ಣೆ, ಗಾಯ ಇಲ್ಲವೆಂದರೆ ಯಾರೋ ಕಿವಿ ಹಿಡಿದು ತಿರುಚಿದ್ದಾರೆ ಎಂದುಕೊಳ್ಳಿ. ಸೂಜಿ ಹಾಕಿಸಲು, ಟೆಂಪೊ ಹತ್ತಿಸಲು ಕಿವಿ ಹಿಡಿಯುವುದು ಸಂತೆಗಳಲ್ಲಿ ಸಾಮಾನ್ಯ. ಕಿವಿಯ ಕಡೆಗೆ ಕೈ ಚಾಚುವುದನ್ನೇ ಕೆಲವು ವಾರ ಬಿಟ್ಟು ಕುತ್ತಿಗೆ ಕೆರೆಯುತ್ತಾ ಇರಿ, ಹೆಚ್ಚಿನ ಮರಿಗಳು ತಾವೇ ತಲೆ ತಂದು ಒರಗಿಸುತ್ತವೆ. ಮುಖದ ಹಗ್ಗವನ್ನು ಅಲ್ಲಿಯವರೆಗೆ ಕಿವಿಯ ಮೇಲಿಂದ ತೂರಿಸದೆ, ಕುತ್ತಿಗೆಯ ಹಿಂದಿನಿಂದ ಬಳಸಿ ಬಕಲ್ ಹಾಕುವ ಥರದ್ದನ್ನು ಬಳಸಿ.

ಕಚ್ಚಿದರೆ

ಯಾರು ತಿನ್ನಿಸುತ್ತಾರೆ ಎಂದು ಮೊದಲು ಕೇಳಿ. ಮನೆಗೆ ಬಂದವರೆಲ್ಲ ಅಂಗೈಯಲ್ಲಿ ಬೆಲ್ಲ, ಬಾಳೆಹಣ್ಣು ಕೊಡುವ ಮರಿ ಮೂರೇ ತಿಂಗಳಲ್ಲಿ ಜೇಬು ಕಚ್ಚಲು ಶುರುಮಾಡುತ್ತದೆ. ಅದು ಕೋಪವಲ್ಲ, ಕೈ ಎಂದರೆ ತಿಂಡಿ ಎಂಬ ಲೆಕ್ಕ. ತಿಂಡಿಯನ್ನು ಬಾನಿಗೆ ಹಾಕಿ, ಕೈಯಿಂದ ಯಾರೂ ಕೊಡದಂತೆ ಮನೆಮಂದಿಗೆಲ್ಲ ಹೇಳಿ. ಇಲ್ಲೊಂದು ಎಚ್ಚರಿಕೆ: ನಿಲ್ಲಿಸಿದ ಮೊದಲ ಕೆಲವು ದಿನ ಕಚ್ಚುವುದು ಕಡಿಮೆಯಾಗುವ ಬದಲು ಜಾಸ್ತಿಯಾಗುತ್ತದೆ. ಹಿಂದೆ ಕೆಲಸ ಮಾಡುತ್ತಿದ್ದ ಉಪಾಯ ಈಗ ಯಾಕೆ ನಡೆಯುತ್ತಿಲ್ಲ ಎಂದು ಇನ್ನೂ ಜೋರಾಗಿ ಮಾಡಿ ನೋಡುತ್ತದೆ. ಅಲ್ಲಿ ಸೋತು ಒಂದು ತುಂಡು ಕೊಟ್ಟರೆ ಜೋರಾಗಿ ಕಚ್ಚಿದರೆ ಸಿಗುತ್ತದೆ ಎಂದು ಕಲಿಸಿದಂತಾಯಿತು. ಆ ದಿನಗಳನ್ನು ದಾಟಿಬಿಟ್ಟರೆ ತಾನಾಗಿ ಇಳಿಯುತ್ತದೆ.

ಗಂಡುಮರಿಯಾದರೆ ವರ್ಷ ತುಂಬುತ್ತಿದ್ದಂತೆ ಕಚ್ಚಾಟ, ಮೇಲೇರುವುದು ಶುರುವಾಗುವುದು ಸಹಜ. ತಳಿಗೆ ಬೇಡವೆಂದರೆ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಡಾಕ್ಟರ ಕೈಯಲ್ಲಿ, ಮದ್ದು ಕೊಡಿಸಿ, ಬೀಜ ತೆಗೆಸಿಬಿಡಿ. ಮಕ್ಕಳಿರುವ ಮನೆಯಲ್ಲಿ ಇದನ್ನು ಮುಂದೂಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂತಿಗೆ ಹೊಡೆಯುವುದರಿಂದ ಕಚ್ಚುವುದು ನಿಲ್ಲದು, ತಲೆ ಮುಟ್ಟಿಸಿಕೊಳ್ಳದಿರುವ ಹೊಸ ದೋಷವೊಂದು ಸೇರಿಕೊಳ್ಳುತ್ತದೆ.

ಹಿಡಿಯಲು ಹೋದರೆ ಓಡಿದರೆ

ಹಿಡಿದಾಗಲೆಲ್ಲ ಏನಾಗುತ್ತದೆ ಎಂದು ಯೋಚಿಸಿ. ಸೂಜಿ, ಗೊರಸು, ಕಟ್ಟಿಹಾಕುವುದು ಇಷ್ಟೇ ಆಗಿದ್ದರೆ ಓಡುವುದು ನ್ಯಾಯವೇ. ಹಿಡಿದು, ಕೆರೆದು, ಹಾಗೇ ಬಿಟ್ಟುಬಿಡುವ ದಿನಗಳು ಕೆಲಸದ ದಿನಗಳಿಗಿಂತ ಹೆಚ್ಚಿರಲಿ. ಹತ್ತಿರ ಹೋಗುವಾಗ ನೇರ ನೋಡುತ್ತಾ ಹೋಗದೆ, ಓರೆಯಾಗಿ, ಹೆಗಲ ಕಡೆಗೆ ನಡೆಯಿರಿ. ಅದು ನಿಮ್ಮ ಕಡೆ ತಿರುಗಿ ನೋಡಿದ ಕೂಡಲೇ ನೀವೇ ನಿಂತು ಎರಡು ಹೆಜ್ಜೆ ಹಿಂದೆ ಸರಿಯಿರಿ. ಕತ್ತೆಗೆ ಕುತೂಹಲ ಜಾಸ್ತಿ, ಹಿಂದೆ ಸರಿದವರನ್ನು ಹುಡುಕಿಕೊಂಡು ಬರುತ್ತದೆ. ನಾಲ್ಕು ಜನ ಸೇರಿ ಬೇಲಿ ಮೂಲೆಗೆ ಅಟ್ಟುವುದು ಬೇಡ. ಊರ ನಾಯಿಗಳನ್ನೂ ದೂರ ಇಡಿ. ನಾಯಿ ಕಂಡರೆ ಕತ್ತೆಗೆ ಹುಟ್ಟುದ್ವೇಷ, ನಾಯಿಯ ಮುಂದೆ ಯಾವ ಪಾಠವೂ ನಡೆಯುವುದಿಲ್ಲ.

ಒಂಟಿ ಬಿಟ್ಟರೆ ಕಿರುಚಾಡಿದರೆ

ತಾಯಿಯ ಹಾಲನ್ನು ಮಾರಲು ಬೀದಿಬೀದಿ ತಿರುಗಿಸುವವರು ಮರಿಯನ್ನು ಬೇಗ ಬಿಡಿಸಿ ಮಾರುವುದುಂಟು. ಆರು ತಿಂಗಳೊಳಗೆ ತಾಯಿ ಬಿಟ್ಟ ಮರಿ ಕೊಂಡರೆ ಈ ದೋಷವನ್ನೂ ಕೊಂಡಂತೆ. ಇದಕ್ಕೆ ತರಬೇತಿ ಮದ್ದಲ್ಲ, ಜೊತೆಯೇ ಮದ್ದು. ಸಾಧ್ಯವಾದರೆ ಎರಡು ಮರಿ ಒಟ್ಟಿಗೇ ತನ್ನಿ. ಕುರಿ, ಹಸು ಜೊತೆಗಿದ್ದರೆ ಇಲ್ಲದ್ದಕ್ಕಿಂತ ಮೇಲು, ಆದರೆ ಕತ್ತೆಗೆ ಕತ್ತೆಯೇ ಸರಿಯಾದ ಜೊತೆ. ಜೋಡಿಯಲ್ಲಿ ಒಂದನ್ನು ಬೇರೆಡೆಗೆ ಒಯ್ಯಬೇಕಾದರೆ ಇನ್ನೊಂದು ಮೇವು ಬಿಡುತ್ತದೆಯೇ ಎಂದು ಕಣ್ಣಿಟ್ಟಿರಿ.

ಮೈಮೇಲೆ ಏನಾದರೂ ಹಾಕಿದರೆ ಕೊಡವಿದರೆ

ಹೊರೆಯ ಮಾತು ನಾಲ್ಕು ವರ್ಷ ತುಂಬುವವರೆಗೆ ಬೇಡ. ಬೆನ್ನಮೂಳೆ ಗಟ್ಟಿಯಾಗುವುದು ನಿಧಾನ. ಅದಕ್ಕೂ ಮುಂಚೆ ಮಡಿಸಿದ ಟವೆಲ್, ಆಮೇಲೆ ಗೋಣಿಚೀಲ, ಆಮೇಲೆ ದಪ್ಪ ಗಾದಿ ಹಾಕಿ ತೆಗೆದು ಅಭ್ಯಾಸ ಮಾಡಿಸಬಹುದು. ಬಟ್ಟೆಯನ್ನು ಮೊದಲು ಮೂಸಲು ಕೊಡಿ. ಕೊಡವಿ ಬೀಳಿಸಿದರೆ ಬೀಳಲಿ, ಎತ್ತಿ ಮತ್ತೆ ಮೂಸಲು ಕೊಡಿ. ಹೊಟ್ಟೆಪಟ್ಟಿ ಬಿಗಿಯುವುದು ಎಲ್ಲಕ್ಕಿಂತ ಕೊನೆ.

ದೊಡ್ಡ ಕತ್ತೆಗೂ, ಹೊರೆ ಹೊರುವ ಪ್ರಾಣಿಗಳ ಬಗ್ಗೆ ಇರುವ 1965ರ ಕೇಂದ್ರದ ನಿಯಮಗಳಲ್ಲಿ ಬೆನ್ನ ಮೇಲಿನ ಹೊರೆಗೆ 50 ಕೆಜಿಯ ಮಿತಿ ಇದೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಬಿಡುವಿಲ್ಲದೆ ಐದು ಗಂಟೆ ದಾಟಬಾರದು, 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸವೇ ಕೂಡದು. ಪಾವಗಡದ ಬೇಸಿಗೆಯಲ್ಲಿ ಆ ಬಿಸಿಲು ಅಪರೂಪವಲ್ಲ. ನಮ್ಮ ನಾಡಕತ್ತೆ ಗಿಡ್ಡ, ಹಗುರ. ಕೋಲಾರ ಮಾರ್ಕೆಟ್ಟಿನ 15 ಕೆಜಿಯ ಟೊಮೆಟೊ ಕ್ರೇಟ್ ಆಚೆಗೊಂದು ಈಚೆಗೊಂದು ಇಟ್ಟರೆ 30 ಆಯಿತು, ಗಾದಿ-ಚೌಕಟ್ಟು ಸೇರಿದರೆ ಇನ್ನೂ ಮೇಲೆ. ಅಷ್ಟಕ್ಕೇ ನಿಲ್ಲಿಸಿ, ಮೂರನೆಯ ಕ್ರೇಟ್ ಬೇಡ.

ಮೇವಿನಿಂದ ಬರುವ ದೋಷ

ಇದ್ದಕ್ಕಿದ್ದಂತೆ ಚಿಗಿತು, ಹಾರಾಡಿ, ನಿಂತಲ್ಲಿ ನಿಲ್ಲದ ಮರಿಯ ಬಾನಿಯಲ್ಲಿ ಹೆಚ್ಚಾಗಿ ಹಿಂಡಿ-ಬೂಸಾ ಇರುತ್ತದೆ. ಒಣ ರಾಗಿಹುಲ್ಲು ಧಾರಾಳವಾಗಿ, ಹಸಿರು ಸ್ವಲ್ಪ, ಉಪ್ಪು, ಶುದ್ಧ ನೀರು ಸಾಕು. ರಾಗಿಹಿಟ್ಟು, ಕಾಳು ಜಾಸ್ತಿಯಾದರೆ ಕುಣಿದಾಟದ ಜೊತೆಗೆ ಗೊರಸಿನೊಳಗೆ ಉರಿಯೂತ ಬಂದು ನಡೆಯಲಾರದಂತಾಗುತ್ತದೆ. ಹಸುವಿಗೆ ತಂದ ಫೀಡ್ ಹಾಕಬೇಡಿ. ಕೆಲವಕ್ಕೆ ಮೊನೆನ್ಸಿನ್ ಎಂಬ ಔಷಧಿ ಸೇರಿಸಿರುತ್ತಾರೆ, ಅದು ಕುದುರೆ-ಕತ್ತೆಗೆ ವಿಷ. ಬೆಳೆ ಮುಗಿದ ಟೊಮೆಟೊ ಗಿಡ, ಹರಳುಬೀಜ, ಕಣಗಿಲೆ, ಲಂಟಾನ ಇವೂ ದೂರ ಇರಲಿ. ಶಿಡ್ಲಘಟ್ಟ ಕಡೆಯವರು ಹಿಪ್ಪುನೇರಳೆ ಕಡ್ಡಿ ಕೊಡಬಹುದು, ಆದರೆ ಔಷಧಿ ಹೊಡೆದ ತೋಟದ್ದು ಬೇಡ, ಸುಣ್ಣ-ಪುಡಿ ಉದುರಿಸಿದ ರೇಷ್ಮೆ ಹುಳುಮನೆಯ ಹಾಸಿನ ಕಸವೂ ಬೇಡ. ಮರಿ ಮರದ ತೊಗಟೆ ಕಚ್ಚುತ್ತದೆ ಎಂದು ಗಾಬರಿಯಾಗುವವರೂ ಇದ್ದಾರೆ. ಅದು ದೋಷವಲ್ಲ, ಕಡ್ಡಿ-ಕೊಂಬೆ ಅದರ ಸಹಜ ಮೇವು.

ಪಾಠ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕಾದಾಗ

ಒಂದು ಹೊತ್ತಿನ ಮೇವು ಬಿಟ್ಟಿದ್ದರೂ ತಡ ಮಾಡಬೇಡಿ. ಉಣ್ಣದ ಕತ್ತೆಯ ಮೈಕೊಬ್ಬು ಕರಗಿ ರಕ್ತದಲ್ಲಿ ತುಂಬಿಕೊಳ್ಳುತ್ತದೆ, ಹೈಪರ್‌ಲಿಪೀಮಿಯಾ ಎನ್ನುತ್ತಾರೆ. ಯಕೃತ್ತು, ಮೂತ್ರಪಿಂಡ ಕೆಟ್ಟು ಕೆಲವೇ ದಿನಗಳಲ್ಲಿ ಸಾಯಬಹುದು. ಮೂಗಿನಿಂದ ದಪ್ಪ ಸಿಂಬಳ, ಲದ್ದಿ ಬೀಳದಿರುವುದು, ಒಂದು ಕಾಲು ನೆಲಕ್ಕೂರದಿರುವುದು, ದವಡೆ ಬಿಗಿದು ಮೈ ಮರಗಟ್ಟಿದಂತಾಗುವುದು, ಇವೂ ಅದೇ ದಿನವೇ ತೋರಿಸಬೇಕಾದವು. ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಲಾಗದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸಹಾಯವಾಣಿ ಅದು. ಫೋನಿನಲ್ಲಿ "ಕತ್ತೆ ಸರಿಯಿಲ್ಲ" ಎಂದಷ್ಟೇ ಹೇಳದೆ, ಮರಿಯ ಹಲ್ಲಿನ ವಯಸ್ಸು, ಮೈಕಾವು, ಕೊನೆಯ ಸಲ ಮೇವು ನುಂಗಿದ್ದು ಯಾವಾಗ, ಕೊನೆಯ ಲದ್ದಿ ಯಾವಾಗ, ಟಿಟಿ ಆಗಿದೆಯೋ ಇಲ್ಲವೋ, ಯಾವ ಕಾಲಿನ ಗೊರಸು ಬಿಸಿ ಇದೆ ಎಂದು ಹೇಳಿ. ಬರುವವರು ಅದಕ್ಕೆ ತಕ್ಕ ಮದ್ದು ಹಿಡಿದುಕೊಂಡೇ ಬರುತ್ತಾರೆ. ಜೋಡಿ ಕತ್ತೆ ಇದ್ದರೆ ಅದನ್ನು ಮರಿಯ ಕಣ್ಣಿಗೆ ಕಾಣುವ ಹಾಗೆ ಪಕ್ಕದಲ್ಲೇ ಕಟ್ಟಿರಿ, ಮದ್ದು ಹಾಕುವಾಗಲೂ ಬೇರೆ ಮಾಡಬೇಡಿ.